ಮೊಣಕಾಲುದ್ದದ ಇರುಳು

"ಆ ಡೋಲು ಸ್ವಲ್ಪ ನಿಲ್ಲಿಸ್ತೀರಾ? ಇಲ್ಲಾಂದ್ರೆ ನೀವೇ ಒಳಗೆ ಬಂದು ಹುಡುಗಿಗೆ ಕಾಡಿಗೆ ಹಚ್ಚಿ."

ಬಾಗಿಲಲ್ಲಿ ನಿಂತವಳ ಒಂದು ಕೈಯಲ್ಲಿ ಕಾಡಿಗೆ ಕಡ್ಡಿ, ಇನ್ನೊಂದು ಕೈ ಸೊಂಟದ ಮೇಲೆ. ಓಣಿಯಲ್ಲಿ ಅರ್ಧ ವರ್ತುಲವಾಗಿ ಕೂತಿದ್ದ ಹಾಡುಗಾರರ ತಂಡ ಗಪ್ಪಂತ ತಣ್ಣಗಾಯಿತು.

ಅವಳು ದೌಲತ್. ಸುಯೆಜ್ ಊರಿನ ಅರ್ಬಯೀನ್ ಪೇಟೆಯಲ್ಲಿ ಮದುಮಗಳು ಅಂದಮೇಲೆ ಅವಳ ಕೈಯಲ್ಲೇ ಸಿಂಗಾರವಾಗಬೇಕು. ಐವತ್ತರ ಹೊಸ್ತಿಲಲ್ಲಿದ್ದಳು. ತಲೆವಸ್ತ್ರವನ್ನು ಒಂದು ಎಳೆ ಕೂದಲೂ ಕಾಣದಂತೆ ಬಿಗಿಯಾಗಿ ಸುತ್ತುವವಳು. ಹೆಸರಿಗೆ ತಕ್ಕ ದೌಲತ್ತೂ ಇದೆ ಅಂತ ಪೇಟೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದಿನಿಂದ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

"ಗೋಡೆ ನಡುಗ್ತಿದೆ," ಅಂದಳು. "ರೆಪ್ಪೆಗೆ ಹಚ್ಚಬೇಕಾದ್ದು ಕಿವಿಗೆ ಹೋಗ್ತಿದೆ."

ತಂಡದ ತುದಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಮುದುಕರೊಬ್ಬರು ತಲೆಯೆತ್ತಿದರು. ಬಿಳಿ ಮೀಸೆ, ಕೈಯಲ್ಲಿ ತಾಳ ಹಾಕಲು ಎರಡು ಚಮಚ.

"ಅದು ಡೋಲಲ್ಲಮ್ಮ. ಮದುಮಗಳ ಎದೆಬಡಿತ."

ಎಲ್ಲರೂ ನಕ್ಕರು. ದೌಲತ್ ನಗಲಿಲ್ಲ.

"ಈ ಮಾತೂ ಹಳೇದು, ನಿಮ್ಮ ಹಾಡೂ ಹಳೇದು. ನಾನು ಲಂಗ ಹಾಕ್ತಿದ್ದಾಗಿಂದ ಇವನ್ನೇ ಕೇಳ್ತಾ ಇದ್ದೀನಿ. ಹೊಸದೊಂದು ಹಾಡು ಕಟ್ಟೋ ಗಂಡಸು ಈ ಊರಲ್ಲಿ ಹುಟ್ಟಲೇ ಇಲ್ವಾ?"

ನಗು ನಿಂತುಹೋಯಿತು. ಡೋಲಿನವನು ತನ್ನ ಚಪ್ಪಲಿ ನೋಡತೊಡಗಿದ. ಮುಖ್ಯ ಗಾಯಕ ಕರಮ್ ಕೆಂಪಗಾಗಿ ಏನೋ ಹೇಳಲು ಬಾಯಿ ತೆರೆದ. ಮುದುಕರು ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು.

"ಹುಟ್ಟಿದಾನೋ ಇಲ್ವೋ, ನೋಡೇಬಿಡೋಣ. ಆ ಸಿಮ್‌ಸಿಮಿಯಾ ಇತ್ತ ಕೊಡೋ."

ಆ ಪುಟ್ಟ ತಂತಿವಾದ್ಯವನ್ನು ಅವರು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡರು. ಡೋಲಿಲ್ಲ, ಚಪ್ಪಾಳೆಯಿಲ್ಲ. ಒಡೆದ ಹಳೆಯ ದನಿ, ಆದರೆ ಒಂದು ಅಕ್ಷರವೂ ಜಾರದ ದನಿ.

*ಕೆಮ್ಮಿಯೇ ಒಳಗೆ ಹೋಗುವೆ ನಾನು, ಬೆಚ್ಚಲು ಯಾರೂ ಇಲ್ಲ*
*ಕೀಲಿಯ ಮೆಲ್ಲಗೆ ತಿರುಗಿಸುವೆ, ಏಳಲು ಯಾರೂ ಇಲ್ಲ...*

ಹೆಂಡತಿ ಸತ್ತುಹೋದ ಮನೆಗೆ ಗಂಡಸೊಬ್ಬ ಸಂಜೆ ಮರಳುವ ಹಾಡು. ಅದರಲ್ಲಿ ಅಳು ಇರಲಿಲ್ಲ. ಬರೀ ಅಭ್ಯಾಸಗಳಿದ್ದವು.

ದೌಲತ್ ಕೈಯಲ್ಲಿದ್ದ ಕಾಡಿಗೆ ಒಣಗಿತು. ಒಳಗಿನಿಂದ ಮದುಮಗಳ ತಾಯಿ ಕೂಗಿದರೂ ಅವಳಿಗೆ ಕೇಳಿಸಲಿಲ್ಲ.

'ಇದೇನಿದು... ಈ ಹಾಡು ನನಗ್ಯಾಕೆ ತಾಗುತ್ತಿದೆ? ನನ್ನ ಮನೆಯಲ್ಲಿ ಯಾರೂ ಸತ್ತಿಲ್ಲವಲ್ಲ.'

ಹಾಡು ಮುಗಿದಾಗ ಅವಳು ಒಂದು ಮಾತೂ ಆಡದೆ ಒಳಗೆ ಹೋದಳು. ಅವಳು ಮಾತಿಲ್ಲದೆ ಹೋದದ್ದನ್ನು ಪೇಟೆ ಅವತ್ತೇ ಮೊದಲು ನೋಡಿದ್ದು.

ಕೆಲಸ ಮುಗಿಸಿ ಡಬ್ಬಿ ಹಿಡಿದು ಹೊರಟಾಗ ಕರಮ್ ಅಡ್ಡ ಬಂದ.

"ಮದಾಂ, ಒಂದು ಕೇಳ್ತೀನಿ. ಒಳಗೆ ಕೂತು ನೀವೇ ಒಂದು ಹಾಡು ಗುನುಗ್ತಿದ್ರಿ. 'ಮದರಂಗಿ ಕೈಯ ಮುಚ್ಚಬೇಡ ಹುಡುಗಿ' ಅಂತ. ಯಾರದು ಅದು?"

"ಯಾರದು ಅಂದ್ರೆ? ಅಜ್ಜಿ ಕಾಲದ್ದು."

"ನಿಮ್ಮಜ್ಜಿದಲ್ಲ. ಆ ಸ್ಟೂಲ್ ಮೇಲೆ ಕೂತಿದ್ರಲ್ಲ, ಅವರದು. ಇವತ್ತು ನಾವು ಹಾಡಿದ್ದೆಲ್ಲ ಅವರದೇ. ಉಸ್ತಾದ್ ಗರೀಬ್."

"ಯಾವ ಗರೀಬ್?"

ಸುಯೆಜ್‌ನಲ್ಲಿ ಕಲ್ಲೆಸೆದರೆ ಅದು ಯಾರೋ ಒಬ್ಬ ಗರೀಬ್‌ಗೆ ತಾಗುತ್ತದೆ. ಊರು ಕಾಯುವ ಸಂತನ ಹೆಸರು ಅದು. ಮನೆಗೊಬ್ಬನಿಗೆ ಇಟ್ಟಿರುತ್ತಾರೆ.

"ಅದೇ ತೊಂದರೆ ಮದಾಂ," ಅಂದ ಕರಮ್. "ಎಲ್ಲರೂ ಹಾಗೇ ಕೇಳ್ತಾರೆ."

* * *

ಗುರುವಾರ ಸಂಜೆ ತಂಡ ಕಾಲುವೆ ದಂಡೆಯ ಒಂದು ಕಾಫಿ ಅಂಗಡಿ ಮುಂದೆ ಸೇರುತ್ತಿತ್ತು. ದೌಲತ್ ಬುಸೈನಾಳನ್ನು ಜೊತೆಗೆ ಎಳೆದುಕೊಂಡು ಹೋದಳು. ಬುಸೈನಾ ಅವಳ ಪಾರ್ಲರಿನ ಪಾಲುದಾರಳು, ವಿಧವೆ, ನಾಲಿಗೆ ಕತ್ತರಿಗಿಂತ ಹರಿತ.

"ಕ್ಷಮೆ ಕೇಳೋಕೆ ಹೋಗ್ತಿದೀಯ?"

"ಹಾಡು ಕೇಳೋಕೆ."

"ತುಟಿಗೆ ಬಣ್ಣ ಹಚ್ಚಿದೀಯಲ್ಲ, ಹಾಡು ಬಾಯಿಂದ ಕೇಳ್ತೀಯಾ?"

ಅವತ್ತು ದೌಲತ್ ಪ್ರತಿ ಹಾಡು ಮುಗಿದಾಗಲೂ ಪಕ್ಕದವರನ್ನು ಕೇಳಿದಳು. ಇದು ಯಾರದು? ಗರೀಬ್‌ರದು. ಇದು? ಇದೂ ಅವರದೇ. ಮೀನು ದೋಣಿಯವರು ಬಲೆ ಎಳೆಯುವಾಗ ಹೇಳುವ ಪದ, ಶಾಲೆಯಲ್ಲಿ ಅವಳು ಕುಣಿದ ಪದ, ಯುದ್ಧ ಮುಗಿದು ನಿರಾಶ್ರಿತರು ಲಾರಿಗಳಲ್ಲಿ ಊರಿಗೆ ಮರಳಿದಾಗ ಅವಳ ತಾಯಿ ತಲೆವಸ್ತ್ರದಲ್ಲಿ ಮುಖ ಮುಚ್ಚಿ ಅತ್ತ ಪದ. ಎಲ್ಲವೂ ಒಬ್ಬರದೇ. ಅರ್ಧ ಆಯಸ್ಸು ಯಾವ ಬಾವಿಯ ನೀರು ಕುಡಿದಿದ್ದಳೋ, ಅದನ್ನು ತೋಡಿದ ಮನುಷ್ಯ ಮೂರು ಮಾರು ದೂರದಲ್ಲಿ ಕೂತು ಚಹಾ ಊದಿ ಊದಿ ಕುಡಿಯುತ್ತಿದ್ದರು.

ಅವಳೇ ಎದ್ದು ಹತ್ತಿರ ಹೋದಳು.

"ಉಸ್ತಾದ್, ಅವತ್ತು ನಾನು ಅಂದದ್ದು..."

"ನಿಜಾನೇ ಅಂದಿರಿ. ಹೊಸದು ಕಟ್ಟಿ ಬಹಳ ದಿನ ಆಗಿತ್ತು. ಆ ಕೆಮ್ಮಿನ ಹಾಡು ಎರಡು ವರ್ಷದಿಂದ ಒಳಗೇ ಇತ್ತು. ನೀವು ಬೈದ್ರಿ ಅಂತ ಹೊರಗೆ ಬಂತು."

"ಇಷ್ಟು ಹಾಡು ಕಟ್ಟಿ ಒಂದಕ್ಕೂ ಹೆಸರು ಹಾಕ್ಕೊಂಡಿಲ್ವಲ್ಲ, ಯಾಕೆ?"

"ಶುರು ಮಾಡಿದಾಗ ಯುದ್ಧ. ನನಗಿನ್ನೂ ಮೀಸೆ ಬಂದಿರಲಿಲ್ಲ. ಸಂಜೆ ಒಂದು ಬೀದಿಯಲ್ಲಿ ಕಟ್ಟಿದ್ದನ್ನ ಬೆಳಗ್ಗೆ ಇನ್ನೊಂದು ಬೀದೀಲಿ ಹಾಡ್ತಿದ್ರು. ಹೆಸರು ಹಾಕೋಕೆ ಪುರುಸೊತ್ತು ಯಾರಿಗಿತ್ತು?"

"ಆಮೇಲೆ?"

"ಆಮೇಲೆ ರೂಢಿಯಾಯ್ತು." ಅವರು ನಕ್ಕರು. "ಎಣ್ಣೆ ಕಾರ್ಖಾನೆ ಕೆಲಸ, ಮನೆ, ಹಾಡು. ಕಟ್ಟೋದು, ತಂಡಕ್ಕೆ ಕೊಡೋದು. ಮುಗೀತು."

ಮುಂದಿನ ಗುರುವಾರವೂ ಅವಳು ಹೋದಳು. ಅದರ ಮುಂದಿನದೂ. ಬುಸೈನಾ ಒಂದೆರಡು ಸಲ ಬಂದು ಆಮೇಲೆ ಕೈಬಿಟ್ಟಳು. "ದೌಲತ್ ಅಂತ ಹೆಸರಿಟ್ಕೊಂಡು ಹೋಗಿ ಹೋಗಿ ಗರೀಬನೇ ಬೇಕಾಯ್ತಾ ನಿನಗೆ?" ಅಂತ ಅಂಗಡಿ ತುಂಬ ಹೆಂಗಸರಿರುವಾಗ ಚುಡಾಯಿಸಿದಳು. ದೌಲತ್ ಅವಳ ಮೇಲೆ ಟವೆಲ್ ಎಸೆದಳು. ಆದರೆ ಕೋಪ ಬರಲಿಲ್ಲ.

ತಂಡ ಎದ್ದುಹೋದ ಮೇಲೂ ದೌಲತ್ ಮತ್ತು ಗರೀಬ್ ಕಾಲುವೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಹಡಗುಗಳು ಒಂದರ ಹಿಂದೊಂದು ಮನೆಗಳಷ್ಟು ಎತ್ತರಕ್ಕೆ ಸರಿದುಹೋಗುತ್ತಿದ್ದವು. ಅವರು ತೀರಿಹೋದ ತಮ್ಮ ಹೆಂಡತಿ ಇನಾಮ್ ಬಗ್ಗೆ ಹೇಳುತ್ತಿದ್ದರು. ಅವಳು ಕೇಳುತ್ತಿದ್ದಳು. ಒಂದು ಸಂಜೆ ಅವಳು ಹೇಳಿದಳು.

"ನನ್ನ ಗಂಡನಿಗೆ ನನ್ನ ಕೂದಲು ಅಂದ್ರೆ ಪ್ರಾಣ. ಮೊಣಕಾಲು ತನಕ ಇತ್ತು. ರಾತ್ರಿ ತಾನೇ ಬಾಚ್ತಿದ್ದ. ಹತ್ತು ವರ್ಷ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡ್ಕೊಂಡು, ನನಗೆ ತಲಾಕ್ ಕೊಟ್ಟು ತವರಿಗೆ ಬಿಟ್ಟು ಹೋಗೋ ದಿನ ಅಂದ... 'ಕೂದಲು ಬಿಟ್ರೆ ನಿನ್ನಲ್ಲಿ ಇನ್ನೇನು ಬೆಳೀತು?' ಅಂತ."

ಗರೀಬ್ ಚಹಾ ಲೋಟವನ್ನು ಕೆಳಗಿಟ್ಟರು.

"ಅವತ್ತೇ ಕತ್ತರಿ ತಗೊಂಡೆ. ಕುತ್ತಿಗೆ ತನಕ ಕತ್ತರಿಸಿ ಎಸೆದೆ. ಇದನ್ನ ಬುಸೈನಾಗೂ ಹೇಳಿಲ್ಲ. ನಿಮಗ್ಯಾಕೆ ಹೇಳಿದೆನೋ."

ಅವರು ಅವಳ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತ ಮೆಲ್ಲಗೆ, "ಹೇಳಿದಿರಲ್ಲ, ಸಾಕು," ಅಂದರು.

ಆ ರಾತ್ರಿ ದೌಲತ್‌ಗೆ ಎಷ್ಟೋ ವರ್ಷಗಳ ಮೇಲೆ ಗಾಢ ನಿದ್ದೆ ಬಂತು. 'ನನ್ನ ಮಾತನ್ನು ಎತ್ತಿಡಲು ಒಂದು ಜಾಗ ಸಿಕ್ಕಿತು,' ಅಂದುಕೊಂಡಳು.

* * *

ಅಕ್ಟೋಬರಿನಲ್ಲಿ ಊರು ತನ್ನ ಯುದ್ಧದ ದಿನವನ್ನು ನೆನೆಯುತ್ತದೆ. ದಂಡೆಯುದ್ದಕ್ಕೂ ದೀಪ, ಕುರ್ಚಿ, ಹುರಿದ ಕಡಲೆ, ಮಕ್ಕಳ ಗಲಾಟೆ. ದೌಲತ್ ಹೆಂಗಸರ ಸಾಲಿನ ಮುಂದುಗಡೆಯೇ ಕೂತಿದ್ದಳು. ಹಳೇ ಹಾಡುಗಳಾದವು. ಆಮೇಲೆ ಕರಮ್ ಮೈಕಿನ ಹತ್ತಿರ ಬಂದ.

"ಈಗ ಒಂದು ಹೊಚ್ಚ ಹೊಸದು. ಈ ವಾರ ಕಟ್ಟಿದ್ದು."

*ಕತ್ತರಿ ಹಿಡಿದಳು ಚೆಲುವೆ, ಕನ್ನಡಿ ಕಣ್ಮುಚ್ಚಿತು*
*ಮೊಣಕಾಲುದ್ದದ ಇರುಳು ಕಾಲಿಗೆ ಬಿತ್ತು...*

ದೌಲತ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

ಕುತ್ತಿಗೆಯಿಂದ ಬಿಸಿ ಮೇಲೇರಿತು. ಹಾಡು ಮುಂದುವರಿಯಿತು. ಬಂಜೆಯೆಂದ ಗಂಡ, ಬಿಕ್ಕಿ ಬಿಕ್ಕಿ ಅಳುವ ಹೆಣ್ಣು, ಕಣ್ಣೀರಲ್ಲಿ ತೊಯ್ದ ಕೂದಲು. ಹಾಡಿನಲ್ಲಿ ಹೆಸರಿರಲಿಲ್ಲ, ನಿಜ. ಆದರೆ ಪ್ರತಿ ಗುರುವಾರ ಉಸ್ತಾದರ ಪಕ್ಕ ಕೂರುವ ಕತ್ತರಿ ಹಿಡಿದ ಹೆಂಗಸು ಊರಲ್ಲಿ ಎಷ್ಟು ಜನ?

ಹಿಂದಿನ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ನಾಲ್ಕು ತಲೆಗಳು ದೌಲತ್ ಕಡೆ ತಿರುಗಿದವು. ಒಬ್ಬಳ ಬಾಯಿಂದ ಆ ಮಾತು ಬಂದೇಬಿಟ್ಟಿತು.

"ಪಾಪ..."

ಬುಸೈನಾ ಅವಳ ಕೈ ಹಿಡಿದಳು. ದೌಲತ್ ಕೈ ಬಿಡಿಸಿಕೊಂಡು ಎದ್ದಳು. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಕೈರೋದಿಂದ ಬಂದಿದ್ದ ಯಾರೋ ಫೋನ್ ಎತ್ತಿಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು.

ವೇದಿಕೆಯ ಹಿಂದೆ ಗರೀಬ್ ನಿಂತಿದ್ದರು. ಅವಳನ್ನು ಕಂಡು ಅವರ ಮುಖ ಅರಳಿತು. ಮೆಚ್ಚುಗೆಯ ಮಾತಿಗೆ ಕಾದಿದ್ದ ಮುಖ.

"ಹೇಗಿತ್ತು?"

"ಯಾರನ್ನ ಕೇಳಿ ಹಾಡಿಸಿದೆ ಅದನ್ನ?"

ಅವಳು ಅವರನ್ನು ಯಾವತ್ತೂ ಏಕವಚನದಲ್ಲಿ ಕರೆದವಳಲ್ಲ.

"ದೌಲತ್ ಅವರೇ, ನಾನು..."

"ಮದುವೆಯಾದ ಗಂಡನ್ನ ಬಿಟ್ರೆ ಒಬ್ಬ ಗಂಡಸೂ ನನ್ನ ತಲೆ ನೋಡಿಲ್ಲ. ಅಂಗಡೀಲೂ ಪರದೆ ಹಾಕಿ ಕೂರೋಳು ನಾನು. ನೀನು ನನ್ನ ಕೂದಲನ್ನ ತಂದು ದಂಡೆ ತುಂಬ ಹರವಿದೆಯಲ್ಲ. ಮೈಕಲ್ಲಿ."

ಅವರ ಮುಖದ ನಗು ಅಲ್ಲೇ ಸತ್ತಿತು.

"ನಿನಗೆ ಹಾಡು ಸಿಕ್ತು. ನನಗೆ ಏನು ಸಿಕ್ತು ಗೊತ್ತಾ? ಪಾಪ ಅನ್ನೋ ಮಾತು. ಹತ್ತೊಂಬತ್ತು ವರ್ಷ ಈ ಊರಿನ ಬಾಯಲ್ಲಿ ಬರದಂತೆ ನೋಡ್ಕೊಂಡಿದ್ದೆ ಅದನ್ನ."

ಅವರು ಒಂದು ಸಬೂಬೂ ಹೇಳಲಿಲ್ಲ. "ತಪ್ಪಾಯ್ತು," ಅಂದರು. ಅಷ್ಟೇ.

ಅವಳಿಗೆ ಅದೂ ಸಾಲಲಿಲ್ಲ. ತಿರುಗಿ ನೋಡದೆ ಹೋದಳು.

* * *

ಗುರುವಾರಗಳು ಬಂದವು, ಹೋದವು. ದೌಲತ್ ಆ ಸಂಜೆಗಳಲ್ಲಿ ಬೇಕೆಂದೇ ಮದುಮಗಳ ಸಿಂಗಾರದ ಕೆಲಸ ಒಪ್ಪಿಕೊಂಡಳು. ಗುನುಗುವುದನ್ನು ನಿಲ್ಲಿಸಿದಳು. ಯಾವ ಹಾಡು ನೆನಪಾದರೂ ಅದು ಅವರದೇ ಆಗಿರುತ್ತಿತ್ತು. ಅದೊಂದು ಶಿಕ್ಷೆ.

'ಮರೆತುಬಿಡು,' ಅಂದುಕೊಳ್ಳುವಳು. 'ಐವತ್ತರ ಹತ್ತಿರ ಬಂದೆ, ಇನ್ನೂ ಮನುಷ್ಯರನ್ನು ನಂಬೋದು ಬಿಡಲಿಲ್ಲವಲ್ಲ ನೀನು...'

ಒಂದು ಮಧ್ಯಾಹ್ನ ಪಾರ್ಲರಿನ ಹೊರಬಾಗಿಲಲ್ಲಿ ಗಂಡಸಿನ ದನಿ ಕೇಳಿತು. ಕರಮ್. ಬುಸೈನಾ ಅಡ್ಡ ನಿಂತಳು.

"ಹೆಂಗಸರ ಅಂಗಡಿ ಇದು. ಗಡ್ಡ ತೆಗೆಸೋಕೆ ಎದುರು ರಸ್ತೆಗೆ ಹೋಗು."

"ಎರಡು ಮಾತು ಆಡಿ ಹೋಗ್ತೀನಿ ಖಾಲಾ. ಅವರು ಹೊರಗೆ ಬರಲಿ."

ದೌಲತ್ ಬಂದಳು. ಕರಮ್ ಕಣ್ಣು ಕೆಂಪಾಗಿದ್ದವು.

"ಕೈರೋದ ಸಂಗೀತ ಸಭೆಯಿಂದ ಕರೆ ಬಂದಿದೆ. ಉಸ್ತಾದ್ ಹೆಸರಿಗೆ. ಅವರೊಬ್ಬರದೇ ಕಾರ್ಯಕ್ರಮ, ಇಡೀ ಸಂಜೆ. ಐವತ್ತು ವರ್ಷಕ್ಕೆ ಮೊದಲನೇ ಸಲ. ಆದ್ರೆ ಅವರಿಗೆ ಬೇಕಾಗಿರೋದು ಆ ಕತ್ತರಿ ಹಾಡು. ಅದನ್ನ ಕೇಳೇ ಅವರು ಹುಡುಕ್ಕೊಂಡು ಬಂದದ್ದು."

"ಹಾಡಿ. ನನ್ನನ್ನೇನು ಕೇಳ್ತೀಯ? ಅವತ್ತೂ ಕೇಳಲಿಲ್ಲ."

"ಅದೇ ಆಗ್ತಿಲ್ಲ ಮದಾಂ. ಆ ಹಾಡು ನನ್ನದಲ್ಲ, ಇನ್ನು ಹಾಡೋಕಿಲ್ಲ ಅಂದ್ಬಿಟ್ರು. ತಂಡದವರೆಲ್ಲ ಕಾಲಿಗೆ ಬಿದ್ರೂ ಒಪ್ಪಲಿಲ್ಲ. ನಿಮ್ಮನ್ನ ಕೇಳಿ ಬರ್ತೀನಿ ಅಂದದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ನನ್ನ ಮೇಲೆ ಕೈ ಎತ್ತಿದ್ರು. 'ಅವಳನ್ನ ಇನ್ನೊಂದು ಸಲ ಬೀದಿಗೆ ಎಳೀತೀಯಾ' ಅಂತ. ನಾನಿಲ್ಲಿಗೆ ಬಂದದ್ದೂ ಅವರಿಗೆ ಗೊತ್ತಿಲ್ಲ."

ದೌಲತ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕೈರೋದವರಿಗೆ ಏನು ಹೇಳಿದ್ರು?"

"ಆ ಹಾಡಿಲ್ಲದೆ ಬೇಕಾದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ ಅಂತ. ಉತ್ತರ ಇನ್ನೂ ಬಂದಿಲ್ಲ. ಬರೋದೂ ಇಲ್ಲ ಅನ್ಸುತ್ತೆ."

ಅವನು ಹೋದ ಮೇಲೆ ಬುಸೈನಾ ಒಗೆದ ಟವೆಲುಗಳನ್ನು ಮಡಚಿಟ್ಟಳು. 

"ಗಂಡಸರು ಕಿತ್ಕೊಂಡದ್ದನ್ನ ವಾಪಸ್ ತಂದಿಟ್ಟದ್ದು ನಾನಂತೂ ನೋಡಿಲ್ಲ," ಅಂದಳು ಕೊನೆಗೆ. "ಹೋಗಿ ಬಾ. ಬೈಯೋಕಾದ್ರೂ ಹೋಗಿ ಬಾ."

* * *

ಮೀನು ದಕ್ಕೆಯ ಬಳಿ ಗರೀಬ್‌ರದೊಂದು ಗೂಡಂಗಡಿ. ಕೆಲಸದಿಂದ ನಿವೃತ್ತರಾದ ಮೇಲೆ ಅಲ್ಲಿ ಕೂತು ಮುರಿದ ಸಿಮ್‌ಸಿಮಿಯಾಗಳನ್ನು ರಿಪೇರಿ ಮಾಡುತ್ತಿದ್ದರು. ದೌಲತ್ ಹೋದಾಗ ತಂತಿಯೊಂದನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದರು. ಅವಳನ್ನು ಕಂಡ ಕೂಡಲೇ ತಂತಿ ಹಲ್ಲಿನಿಂದ ಜಾರಿ ಠಣ್ ಎಂದಿತು.

ಇದ್ದೊಂದು ಸ್ಟೂಲನ್ನು ಒರೆಸಿ ಅವಳ ಮುಂದಿಟ್ಟು ತಾವು ನಿಂತರು. ಕೆಲವೇ ವಾರಗಳಲ್ಲಿ ಇಳಿದುಹೋಗಿದ್ದರು.

"ಕರಮ್ ಬಂದಿದ್ನಾ?"

"ಬಂದಿದ್ದ. ಅವನಿಗೆ ಹೊಡೀಬೇಡಿ."

"ಇಲ್ಲ."

ದಕ್ಕೆಯಿಂದ ಮೀನು ಹರಾಜಿನ ಕೂಗು ಕೇಳಿಬರುತ್ತಿತ್ತು. ಇಬ್ಬರೂ ಅದನ್ನೇ ಕೇಳಿಸಿಕೊಂಡರು.

"ಒಂದು ಮಾತು ಕೇಳ್ತೀನಿ," ಅಂದಳು ದೌಲತ್. "ನಾನು ಹೇಳಿದ ವಾರಕ್ಕೇ ಹಾಡು ಮಾಡಿಬಿಟ್ರಲ್ಲ. ಅಷ್ಟೇನು ಅವಸರ ಇತ್ತು?"

ಅವರು ತಂತಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಇನಾಮ್ ಬದುಕಿದ್ದಾಗ ಅವಳ ಮೇಲೆ ಒಂದು ಹಾಡೂ ಕಟ್ಟಲಿಲ್ಲ ನಾನು. ಊರಿಗೆಲ್ಲ ಕಟ್ಟಿದೆ. 'ನನಗೊಂದು ಇಲ್ವಾ?' ಅಂತ ಕೇಳ್ತಿದ್ಲು. ಇರೋಳೇ ಅಲ್ವಾ, ಕಟ್ಟಿದ್ರಾಯ್ತು ಅಂದ್ಕೊಂಡೆ. ಕಟ್ಟಿದ್ದು ಅವಳು ಹೋದ ಮೇಲೆ. ಅವಳಿಗೆ ಕೇಳಿಸದ ಮೇಲೆ." ಸ್ವಲ್ಪ ತಡೆದು ಅಂದರು, "ನಿಮ್ಮ ವಿಷಯದಲ್ಲಿ ತಡ ಮಾಡಬಾರದು ಅಂತ ಅನ್ನಿಸ್ತು."

 ಆದರೂ ಅವಳು ಬಿಡಲಿಲ್ಲ.

"ಹಾಗಿದ್ರೆ ನನಗೊಬ್ಬಳಿಗೇ ಹಾಡಬಹುದಿತ್ತು."

"ಒಬ್ಬರಿಗೆ ಹಾಡೋದು ನನಗೆ ಗೊತ್ತಿಲ್ಲ ದೌಲತ್ ಅವರೇ. ಕಟ್ಟೋದು, ತಂಡಕ್ಕೆ ಕೊಡೋದು... ಅಷ್ಟೇ ಕಲಿತದ್ದು. ನೀವು ಕುಣಿದಾಡ್ತೀರಿ ಅಂದ್ಕೊಂಡಿದ್ದೆ. ಎಂಥ ದಡ್ಡ."

"ದಡ್ಡರೇ," ಅಂದಳು ಅವಳು. "ಅದೂ ಅಲ್ಲದೆ ಹಾಡೇ ಸುಳ್ಳು."

ಅವರು ತಲೆಯೆತ್ತಿದರು. ಹಾಡಿನ ಮಾತು ಬಂದ ಕೂಡಲೇ ಆ ಕಣ್ಣುಗಳಲ್ಲಿ ಬೇರೆಯೇ ಮನುಷ್ಯ ಎದ್ದು ಕೂತ.

"ಎಲ್ಲಿ ಸುಳ್ಳು?"

"ನಾನು ಅಳಲೇ ಇಲ್ಲ."

"ಅಳಲಿಲ್ವಾ?"

"ಅತ್ತೆ ಅಂತ ನಾನು ಹೇಳಿದ್ನಾ? ನೀವೇ ಸೇರಿಸಿದ್ರಿ. ಗಂಡಸರು ಹಾಡು ಕಟ್ಟಿದ್ರೆ ಹೆಂಗಸರು ಅಳಲೇಬೇಕು." ಅವಳು ಸ್ಟೂಲಿನ ಅಂಚಿಗೆ ಸರಿದಳು. "ಕತ್ತರಿಸಿದ ಮೇಲೆ ಕುತ್ತಿಗೆ ಮುಟ್ಟಿ ನೋಡ್ಕೊಂಡೆ. ಗಾಳಿ ಆಡ್ತಾ ಇತ್ತು. ಅಷ್ಟು ಭಾರ ಹೊರ್ತಿದ್ದೆ ಅಂತ ಅವತ್ತಿನ ತನಕ ನನಗೇ ಗೊತ್ತಿರಲಿಲ್ಲ. ಆಮೇಲೆ ಹಸಿವಾಯ್ತು ನೋಡಿ... ಎಂಥ ಹಸಿವು ಅಂತೀರಿ. ವಸ್ತ್ರ ಸುತ್ತಿಕೊಂಡು ಬೀದಿ ತುದಿಗೆ ಹೋದೆ. ಬಾಣಲೆಯಿಂದ ಆಗ ತೆಗೆದ ತಾಮಿಯಾ ವಡೆ, ರೊಟ್ಟಿಯೊಳಗೆ ಇಟ್ಟು ಕೊಟ್ಟ. ನಿಂತಲ್ಲೇ ತಿಂದೆ. ಇನ್ನೊಂದು ಕೇಳಿ ತಿಂದೆ. ನಾಲಿಗೆ ಸುಟ್ಟು ನಗು ಬಂತು. ಅಂಗಡಿಯವನು ಹುಚ್ಚಿ ಅಂದ್ಕೊಂಡಿರಬೇಕು."

ಗರೀಬ್ ಉಸಿರು ಬಿಡುವುದನ್ನೇ ಮರೆತು ಕೇಳುತ್ತಿದ್ದರು.

"ನನ್ನ ಜೀವನದಲ್ಲಿ ಅಷ್ಟು ಹಗುರವಾಗಿದ್ದ ದಿನ ಇನ್ನೊಂದಿಲ್ಲ. ನೀವು ಅದನ್ನ ತಗೊಂಡು ಹೋಗಿ ಅಳೋ ದಿನ ಮಾಡಿಬಿಟ್ರಿ. ಕೂದಲು ತೋರಿಸಿದ್ದಕ್ಕಿಂತ ನನಗೆ ಅದೇ ಚುಚ್ಚಿದ್ದು."

ಅವರು ನೆಲದ ಮೇಲೆ ಕೂತುಬಿಟ್ಟರು, ಸಣ್ಣ ಹುಡುಗನ ಹಾಗೆ.

"ಐವತ್ತು ವರ್ಷದಿಂದ ಕಟ್ತಾ ಇದ್ದೀನಿ," ಅಂದರು. "ನನ್ನ ಹಾಡಲ್ಲಿ ಒಬ್ಬ ಹೆಂಗಸಿಗೂ ಹಸಿವಾಗಿಲ್ಲ."

ದೌಲತ್‌ಗೆ ನಗು ತಡೆಯಲಾಗಲಿಲ್ಲ. ಅವರಿಗೂ. ಆಚೆ ಹರಾಜಿನವನು ಯಾರು ನಗುತ್ತಿದ್ದಾರೆಂದು ಇಣುಕಿ ನೋಡಿದ.

"ಕೈರೋದಲ್ಲಿ ಅದನ್ನ ಹಾಡಬೇಡಿ," ಅಂದಳು ಅವಳು ಎದ್ದು ನಿಂತು. "ಇನ್ನೂ ನನಗೆ ಮನಸ್ಸಿಲ್ಲ."

"ಹಾಡಲ್ಲ."

"ಅವರು ಕರೆಯೋದೇ ಇಲ್ಲ ಅಂದ್ರೆ?"

"ಕರೆಯದಿದ್ರೆ ಇಲ್ಲೇ ಇರ್ತೀನಿ. ಸಿಮ್‌ಸಿಮಿಯಾ ದಿನಾ ಮುರೀತವೆ." ಆಮೇಲೆ ಅಳುಕುತ್ತ, "ಅವತ್ತು ಬೈಯುವಾಗ ನನ್ನನ್ನ 'ನೀನು' ಅಂದ್ರಿ," ಅಂದರು.

"ಸಿಟ್ಟಲ್ಲಿ ಬಂತು. ಕ್ಷಮಿಸಿ."

"ಇಲ್ಲ ಇಲ್ಲ. ಬೈದದ್ದನ್ನ ಬೇಕಾದ್ರೆ ವಾಪಸ್ ತಗೊಳ್ಳಿ. ಅದೊಂದು ಮಾತ್ರ ಹಾಗೇ ಇರಲಿ."

ಅವಳು ತಲೆವಸ್ತ್ರ ಸರಿಮಾಡಿಕೊಂಡು ಹೊರಟಳು. ದಾರಿಯುದ್ದಕ್ಕೂ ಮುಖ ಬಿಸಿಯಾಗಿತ್ತು.

* * *

ಕೈರೋದಿಂದ ಕರೆ ಬಂದೇ ಬಂತು. ಆ ಹಾಡು ಇಲ್ಲದಿದ್ದರೂ ಸರಿ, ಬೇರೆ ಹಾಡುಗಳನ್ನೇ ಹಾಡಲಿ ಅಂದರಂತೆ.

ಸಣ್ಣ ಸಭಾಂಗಣ, ಆದರೆ ತುಂಬಿತ್ತು. ಎರಡನೇ ಸಾಲಿನಲ್ಲಿ ದೌಲತ್ ಮತ್ತು ಬುಸೈನಾ. ಗರೀಬ್ ಇಸ್ತ್ರಿ ಮಾಡಿದ ಬೂದು ಕೋಟು ಹಾಕಿದ್ದರು. ತುದಿಯಲ್ಲಿ ಅಲ್ಲ, ನಟ್ಟನಡುವೆ ಕೂತಿದ್ದರು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು.

ಹಳೇ ಹಾಡು ಶುರುವಾದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಇದು ನಮಗೆ ಗೊತ್ತು... ಇದೂ ಗೊತ್ತಲ್ಲ... ಇದು ಇವರದಾ? ದೌಲತ್ ಮೊದಲ ಗುರುವಾರ ಪಟ್ಟ ಬೆರಗನ್ನು ಅಷ್ಟೂ ಜನ ಒಂದೇ ಸಂಜೆ ಪಟ್ಟರು. ಅವಳಿಗೆ ವಿಚಿತ್ರವಾದ ಹೆಮ್ಮೆ, ಜೊತೆಗೆ ಸಣ್ಣ ಹೊಟ್ಟೆಕಿಚ್ಚು. 'ನಾನು ಮೊದಲು ಕಂಡವಳು,' ಅಂದುಕೊಂಡಳು.

ಕೆಮ್ಮಿನ ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತು ತಟ್ಟಲಾಗಲಿಲ್ಲ. ಬುಸೈನಾ ಮೂಗೊರೆಸಿಕೊಳ್ಳುತ್ತ, "ಈ ಮುದುಕನಿಗೆ ಯಾರಾದ್ರೂ ಊಟ ಹಾಕಬೇಕು ಕಣೇ," ಅಂದಳು.

ಕೊನೆಗೆ ನಿರೂಪಕ ಮೈಕ್ ಮುಂದೆ ಹಿಡಿದು ಎರಡು ಮಾತು ಹೇಳಿ ಅಂದ. ಗರೀಬ್ ಎರಡೂ ಕೈಯಲ್ಲಿ ಮೈಕ್ ಹಿಡಿದುಕೊಂಡರು.

"ನಾನು ಗರೀಬ್ ಅಬ್ದುಲ್ ಫಡೀಲ್. ಸುಯೆಜ್‌ನವನು," ಅಂದರು. "ಇವತ್ತು ಕೇಳಿದ್ರಲ್ಲ, ಆ ಹಾಡುಗಳನ್ನ ಕಟ್ಟಿದವನು ನಾನೇ."

ಅಷ್ಟು ಹೇಳಿ ಎರಡನೇ ಸಾಲಿನ ಕಡೆ ನೋಡಿದರು. ದೌಲತ್ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಯಾರು ನೋಡುತ್ತಾರೆಂದು ತಿರುಗಿ ನೋಡಲಿಲ್ಲ.

* * *

ಮರುದಿನ ಮಧ್ಯಾಹ್ನ ಬಸ್ಸು ಅವರನ್ನು ಊರಲ್ಲಿ ಇಳಿಸಿತು. ಬುಸೈನಾ, "ನನಗೆ ಕೆಲಸ ಇದೆ," ಅಂತ ಯಾರೂ ಕೇಳದೆಯೇ ಹೇಳಿ ಹೋದಳು. ಕರಮ್ ವಾದ್ಯಗಳನ್ನು ಹೊತ್ತು ನಡೆದ.

ಇಬ್ಬರೂ ಪೋರ್ಟ್ ತೌಫೀಕ್‌ನ ದಂಡೆಗೆ ಬಂದರು. ಚಳಿಗಾಲದ ಇಳಿಬಿಸಿಲು. ಆಚೆ ಅತಾಕಾ ಬೆಟ್ಟ ನಸುಗೆಂಪಾಗಿತ್ತು. ಗರೀಬ್ ಕೋಟನ್ನು ಮಡಚಿ ಕಲ್ಲಿನ ಮೇಲೆ ಹಾಸಿ ಅವಳಿಗೆ ಕೂರಲು ಹೇಳಿದರು.

"ಇಸ್ತ್ರಿ ಹಾಳಾಗುತ್ತೆ."

"ಇನ್ನು ಯಾರಿಗೆ ತೋರಿಸಬೇಕು?"

ಅವಳು ಕೂತಳು. ಅವರು ಒಂದು ಮೊಳ ಬಿಟ್ಟು ಕೂತರು.

"ಆ ಹಾಡನ್ನ ಮತ್ತೆ ಕಟ್ಟಿದೀನಿ," ಅಂದರು. "ಅಳು ತೆಗೆದುಹಾಕಿದೆ. ಯಾರಿಗೂ ಹಾಡಿಲ್ಲ. ಕರಮ್‌ಗೂ. ಈಗ ಹಾಡಲಾ? ಬೇಡ ಅಂದ್ರೆ ಇಲ್ಲ."

"ವಾದ್ಯ ಇಲ್ವಲ್ಲ."

"ಒಬ್ಬರಿಗೆ ಹಾಡೋಕೆ ವಾದ್ಯ ಯಾಕೆ?"

ಅವರು ಹಾಡಿದರು. ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಅದರಲ್ಲಿ ಕುತ್ತಿಗೆಗೆ ಗಾಳಿ ಬೀಸಿತು, ಎಣ್ಣೆ ಚುರುಗುಟ್ಟಿತು, ನಾಲಿಗೆ ಸುಟ್ಟುಕೊಂಡ ಹೆಣ್ಣೊಬ್ಬಳು ಬೀದಿ ತುದಿಯಲ್ಲಿ ನಿಂತು ನಕ್ಕಳು. ದೌಲತ್ ಕೇಳುತ್ತ ಕೇಳುತ್ತ ತನ್ನನ್ನು ತಾನು ಕಂಡಳು. ಆ ದಿನ ಅಳದವಳ ಕಣ್ಣಲ್ಲಿ ಈಗ ನೀರು ತುಂಬಿತು.

"ನೋಡಿ, ಈಗ ಅಳಿಸಿದ್ರಿ."

"ಇದನ್ನ ಹಾಡಲ್ಲಿ ಸೇರಿಸಲ್ಲ. ದೇವರಾಣೆ."

ಅವಳು ನಕ್ಕಳು. ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಕರಮ್‌ಗೆ ಕಲಿಸಿ," ಅಂದಳು. "ಊರಲ್ಲಿ ಹಾಡಲಿ. ಈ ಹೆಂಗಸನ್ನ ನೋಡಿ ಯಾರೂ ಪಾಪ ಅನ್ನಲ್ಲ."

ಹಡಗೊಂದು ಉದ್ದಕ್ಕೆ ಕೂಗಿ ಕಾಲುವೆಯೊಳಗೆ ಬಂತು. ಅದು ದಾಟುವುದನ್ನು ಇಬ್ಬರೂ ನೋಡಿದರು.

"ನನಗೆ ಸಕ್ಕರೆ ಕಾಯಿಲೆ ಇದೆ," ಅಂದರು ಗರೀಬ್, ನೀರಿಗೆ ಹೇಳುವಂತೆ. "ಎಡ ಮೊಣಕಾಲು ಮೆಟ್ಟಿಲು ಹತ್ತೋಕೆ ಬಿಡಲ್ಲ. ಹಾಡು ತಲೇಲಿ ಸುತ್ತುವಾಗ ಕರೆದರೆ ಕೇಳಿಸಲ್ಲ, ಇನಾಮ್ ಅದಕ್ಕೇ ಬೈತಿದ್ಲು. ಮನೆ ಎರಡೇ ಕೋಣೆ."

"ಇದೆಲ್ಲ ನನಗ್ಯಾಕೆ ಹೇಳ್ತಿದೀರಿ?"

"ಮುಚ್ಚಿಟ್ಟು ಕೇಳಬಾರದಲ್ಲ."

ದೌಲತ್ ಎದೆ ಡವಗುಟ್ಟಿತು. ಎಷ್ಟೋ ಮದುವಣಗಿತ್ತಿಯರ ಮುಖದಲ್ಲಿ ಅವಳು ಈ ಕ್ಷಣವನ್ನು ತಿದ್ದಿ ತೀಡಿದ್ದಳು. ತನ್ನ ಮುಖದ ಮೇಲೆ ಅದು ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ.

"ನನಗೆ ಸಿಟ್ಟು ಜಾಸ್ತಿ," ಅಂದಳು. "ಅಂಗಡಿ ಬಿಡೋಳಲ್ಲ ನಾನು. ದಿನಾ ಅಡುಗೆ ಮಾಡೋಕಾಗಲ್ಲ. ಬುಸೈನಾ ನನ್ನ ಜೊತೆ ವರದಕ್ಷಿಣೆ ಥರ ಬರ್ತಾಳೆ, ದಿನಾ ಸಂಜೆ ಬಂದು ಕೂರ್ತಾಳೆ."

"ಕೂರಲಿ."

"ಊರು ನಗುತ್ತೆ. ಈ ವಯಸ್ಸಲ್ಲಿ ಇದೇನು ಅಂತ."

"ನಗಲಿ. ಅವರಿಗೂ ಒಂದು ಹಾಡು ಕಟ್ಟಿಕೊಡ್ತೀನಿ."

ಅವಳು ಅವರ ಕಡೆ ಪೂರ್ತಿ ತಿರುಗಿದಳು. ಬಿಸಿಲಿಗೆ ಆ ಬಿಳಿ ಮೀಸೆಯ ತುದಿ ಹೊಳೆಯುತ್ತಿತ್ತು. ಕಣ್ಣುಗಳಲ್ಲಿ ಮಾತ್ರ ಪರೀಕ್ಷೆ ಬರೆದ ಹುಡುಗನ ದಿಗಿಲು.

"ಇನ್ನೆಷ್ಟು ವರ್ಷ ಇದೆಯೋ ಗೊತ್ತಿಲ್ಲ ದೌಲತ್," ಅಂದರು. ಹೆಸರಿನ ಜೊತೆ 'ಅವರೇ' ಇರಲಿಲ್ಲ ಈ ಸಲ. "ಒಳ್ಳೇ ವರ್ಷಗಳೆಲ್ಲ ಕಳೆದುಹೋದವು."

ಅವಳು ನಡುವಿನ ಒಂದು ಮೊಳ ಜಾಗದ ಮೇಲೆ ಅಂಗೈ ಊರಿದಳು.

"ಉಳಿದದ್ದನ್ನ ಕೊಡು," ಅಂದಳು.